ಎಷ್ಟು ಬಾಯಿ ತೆರೆಯಬೇಕು?

ಇಟಾಲಿಯನ್ ಹಾಡು ಕಲಿಯಲು ಕೂತವರಿಗೆ ಮೊದಲ ದಿನ ಸಿಗುವ ಸಮಾಧಾನ ಒಂದಿದೆ: ಈ ಭಾಷೆಯನ್ನು ಬರೆದಂತೆಯೇ ಓದಿದರಾಯಿತು. ಅರ್ಧ ನಿಜ. ಬರವಣಿಗೆಯಲ್ಲಿ ಸ್ವರಾಕ್ಷರಗಳು ಐದೇ; ಬಾಯಿಗೆ ಬಂದಾಗ ಏಳಾಗುತ್ತವೆ. ಅ, ಇ, ಉ ತಂಟೆಯಿಲ್ಲದವು. ಎ ಮತ್ತು ಒ ಎಂಬ ಎರಡಕ್ಕೆ ಮಾತ್ರ ಎರಡೆರಡು ರೂಪ: ದವಡೆ ಬಿಗಿಹಿಡಿದು ಹೇಳುವ ಮುಚ್ಚಿದ್ದೊಂದು, ಸಡಿಲಬಿಟ್ಟು ಹೇಳುವ ತೆರೆದದ್ದೊಂದು. 'ಪೆಸ್ಕ' ಎನ್ನುವಾಗ ಎ ಮುಚ್ಚಿದ್ದರೆ ಮೀನು ಹಿಡಿಯುವ ಕೆಲಸ, ತೆರೆದಿದ್ದರೆ ಪೀಚ್ ಹಣ್ಣು. 'ಬೊತ್ತೆ' ಮುಚ್ಚಿದ್ದರೆ ಪೀಪಾಯಿ, ತೆರೆದರೆ ಏಟುಗಳು. ಕಾಗದದ ಮೇಲೆ ಇವುಗಳಲ್ಲಿ ಯಾವ ಗುರುತೂ ಕಾಣುವುದಿಲ್ಲ.

ನಾನು ಹಾಡುವವನಲ್ಲ, ಕೇಳುವವನು. ರಾತ್ರಿ ಊಟವಾದ ಮೇಲೆ ಒಪೇರಾದ ಸಾಹಿತ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಗಾಯಕರು ಯಾವ ಅಕ್ಷರದ ಮೇಲೆ ಕೂರುತ್ತಾರೆ, ಯಾವುದನ್ನು ಹಾದು ಹೋಗುತ್ತಾರೆ ಎಂದು ಬೆರಳಿಟ್ಟು ನೋಡುವುದು ನನ್ನ ಚಟ. ಈ ಚಟಕ್ಕೆ ಕನ್ನಡದ ಕಿವಿ ಒಂದಿಷ್ಟು ಸಹಾಯ ಮಾಡುತ್ತದೆ, ಒಂದಿಷ್ಟು ದಾರಿ ತಪ್ಪಿಸುತ್ತದೆ. ಎ–ಏ, ಒ–ಓ ಜೋಡಿಗಳಲ್ಲಿ ಬೆಳೆದ ನಾವು ಮುಚ್ಚಿದ್ದು, ತೆರೆದದ್ದು ಎಂದೊಡನೆ ಹ್ರಸ್ವ, ದೀರ್ಘ ಎಂದುಕೊಳ್ಳುತ್ತೇವೆ. ಅದಲ್ಲ. ಮಾತ್ರೆ ಎಷ್ಟೇ ಇರಲಿ, ಬಣ್ಣ ಬೇರೆ. ನಮ್ಮ ಹಳ್ಳಿಗಳ ಕಡೆ 'ಮೇಲೆ' ಎಂಬುದು 'ಮ್ಯಾಲೆ' ಆಗುತ್ತದಲ್ಲ, 'ಕೋಣ' ಹೋಗಿ 'ಕ್ವಾಣ' ಬರುತ್ತದಲ್ಲ, ತೆರೆದ ಎ, ಒಗಳ ವಾಸ ಆ ದಿಕ್ಕಿನಲ್ಲಿ. ಅಷ್ಟು ದೂರ ಹೋಗದೆ ನಡುದಾರಿಯಲ್ಲಿ ನಿಂತರೆ ಸಾಕು.

ಇದರ ಸೊಗಸು ತಿಳಿಯಬೇಕಾದರೆ ಇಟಾಲಿಯನ್ ಪ್ರೇಮಗೀತೆಗಳ ಅತಿ ಸವೆದ ಪ್ರಾಸವನ್ನೇ ನೋಡಬೇಕು: ಅಮೋರೆ ಮತ್ತು ಕುವೋರೆ, ಪ್ರೀತಿ ಮತ್ತು ಹೃದಯ. ಒಂದು ಸಾಲಿನ ಕೊನೆಗೆ ಅದು ಬಂದರೆ ಇನ್ನೊಂದರ ಕೊನೆಗೆ ಇದು ಬಂದೇ ಬರುತ್ತದೆ. ಆದರೆ ಅಮೋರೆಯ ಓ ಮುಚ್ಚಿದ್ದು. ದೊಲೋರೆ, ಓನೋರೆ ಮುಂತಾಗಿ ಅದೇ ಬಾಲವುಳ್ಳ ಬಂಧುಬಳಗವೆಲ್ಲ ಮುಚ್ಚಿದ್ದೇ. ಕುವೋರೆಯದು ತೆರೆದದ್ದು, ಏಕೆಂದರೆ ಉ ಹಿಂದೆ ಸರಸರನೆ ಬರುವ ಒ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಕಣ್ಣಿಗೆ ಪ್ರಾಸ, ಕಿವಿಗೆ ಕೂದಲೆಳೆಯ ವ್ಯತ್ಯಾಸ. ಇಟಲಿಯ ಕವಿಗಳು ಇದನ್ನು ದೋಷವೆಂದು ಎಣಿಸುವುದಿಲ್ಲ. ಮಾತಿನಲ್ಲಿ ಕ್ಷಣದಲ್ಲಿ ಹಾರಿಹೋಗುವ ಈ ವ್ಯತ್ಯಾಸ ಹಾಡಿನಲ್ಲಿ ನಾಲ್ಕು ಎಣಿಕೆ, ಎಂಟು ಎಣಿಕೆ ನಿಲ್ಲುತ್ತದೆ. ಪ್ರೀತಿಯನ್ನು ತುಟಿ ದುಂಡಗೆ ಮಾಡಿ ಹಿಡಿದು, ಹೃದಯಕ್ಕೆ ಬಂದಾಗ ಗಂಟಲು ಸಡಿಲಿಸುವ ಗಾಯಕಿಯನ್ನು ಕೇಳಿದ ಮೇಲೆ, ಎರಡನ್ನೂ ಒಂದೇ ಅಚ್ಚಿಗೆ ಒತ್ತುವವರ ಹಾಡು ನನಗೆ ಉಪ್ಪಿಲ್ಲದ ಸಾರು. ತಮಾಷೆಯೆಂದರೆ ಇಟಲಿಯವರಲ್ಲೇ ಇದಕ್ಕೆ ಒಮ್ಮತವಿಲ್ಲ. ಉತ್ತರದವರು ತೆರೆಯುವುದನ್ನು ದಕ್ಷಿಣದವರು ಮುಚ್ಚಿಯಾರು. ಫ್ಲಾರೆನ್ಸಿನ ನುಡಿಯ ಬುನಾದಿಯ ಮೇಲೆ ನಿಂತ ನಿಘಂಟೇ ಗಾಯಕರಿಗೆ ಕೊನೆಯ ಪಂಚಾಯಿತಿ.

ಈ ಭೇದವೆಲ್ಲ ಒತ್ತು ಬಿದ್ದ ಅಕ್ಷರಕ್ಕೆ ಮಾತ್ರ. ಹಾಗಾಗಿ ಒತ್ತು ಎಲ್ಲಿದೆಯೆಂದು ಮೊದಲು ಗೊತ್ತಾಗಬೇಕು. ಬಹುಪಾಲು ಪದಗಳಲ್ಲಿ ಅದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಕೊನೆಯ ಅಕ್ಷರದ ಮೇಲೆ ಬಿದ್ದರೆ ಮಾತ್ರ ಬರವಣಿಗೆಯಲ್ಲಿ ಕಡ್ಡಾಯವಾಗಿ ಗೀಟು ಹಾಕುತ್ತಾರೆ. ತುಂಟತನವೆಲ್ಲ ಕೊನೆಯಿಂದ ಮೂರನೆಯದಕ್ಕೆ ಜಿಗಿಯುವ ಪದಗಳದು: ಮೂಸಿಕ, ಆನಿಮ, ಪೋಪೊಲೊ. ಆಂಕೊರ ಎಂದರೆ ಹಡಗಿನ ಲಂಗರು, ಅಂಕೋರ ಎಂದರೆ ಇನ್ನೂ, ಮತ್ತೆ. ವಿರಹಗೀತೆಯಲ್ಲಿ 'ಮತ್ತೆ, ಮತ್ತೆ' ಎಂದು ಗೋಗರೆಯಬೇಕಾದ ನಾಯಕ ಲಂಗರು ಎಸೆಯುತ್ತ ಕೂತರೆ ಕೇಳುವವರ ಗತಿ?

ಒತ್ತು ಬಿದ್ದ ಅಕ್ಷರ ಪದದ ಕೊನೆಯದಾಗಿರದೆ, ಮುಂದೆ ಒಂಟಿ ವ್ಯಂಜನವಿದ್ದರೆ ಅದು ಹಿಗ್ಗುತ್ತದೆ. ವ್ಯಂಜನ ಇಮ್ಮಡಿಯಾಗಿದ್ದರೆ ಗಿಡ್ಡವಾಗುತ್ತದೆ. ನೋನೊ ಎಂದರೆ ಒಂಬತ್ತನೆಯವನು, ನೊನ್ನೊ ಎಂದರೆ ಅಜ್ಜ. ಇಂಗ್ಲಿಷಿನವರು ಇದಕ್ಕಾಗಿ ಬೆವರು ಸುರಿಸುತ್ತಾರೆ. ಕತೆ–ಕತ್ತೆ, ಹಳಿ–ಹಳ್ಳಿ ಎಂದು ಬೆಳೆದ ನಾಲಿಗೆಗೆ ಇದೇನು ಮಹಾ! ನೋನೊ, ನೊನ್ನೊ ಎರಡರಲ್ಲೂ ಮೊದಲ ಅಕ್ಷರ ಗುರುವೇ, ದೀರ್ಘದಿಂದಲೋ ಒತ್ತಕ್ಷರದಿಂದಲೋ ಅಷ್ಟೆ. ನಮ್ಮ ಛಂದಸ್ಸು ಓದಿದವರು ಕೂತಲ್ಲೇ ತಲೆದೂಗಬಹುದು. ಆದರೆ 'ಮಾಡುತ್ತೇನೆ'ಯನ್ನು 'ಮಾಡ್ತೀನಿ' ಎಂದು ನಡುವಿನ ಸ್ವರ ನುಂಗುವ ನಮ್ಮ ಚಾಳಿ ಅಲ್ಲಿ ನಡೆಯದು. ಒತ್ತಿಲ್ಲದ ಅಕ್ಷರ ಹಗುರಾಗಬಹುದು, ಮಾಸಬಾರದು.

ಲಂಡನ್ನಿನಲ್ಲಿ ಹಾಡು ಹೇಳಿಕೊಡುತ್ತಿದ್ದ ನಿಕೊಲಾ ವಕ್ಕಾಯಿ 1830ರ ದಶಕದ ಆರಂಭದಲ್ಲಿ ಒಂದು ಪಾಠಪುಸ್ತಕ ತಂದ. ಬರೀ ಸ ರಿ ಗ ಮ ತಿದ್ದಿಸದೆ ಮೊದಲ ಪಾಠದಿಂದಲೇ ಮೆತಸ್ತಾಸಿಯೊ ಕವಿಯ ಪದ್ಯಗಳನ್ನು ಬಾಯಿಗಿಟ್ಟದ್ದು ಅವನ ಜಾಣತನ. ಅಕ್ಷರಗಳನ್ನು ಬಿಡಿಸುವಾಗ ವ್ಯಂಜನವನ್ನು ಆದಷ್ಟೂ ಮುಂದಿನ ಅಕ್ಷರಕ್ಕೆ ದೂಡಿದ. ಸ್ವರ ಕೊನೆಯವರೆಗೂ ಮೊಳಗಲಿ, ತುಟಿ ಅವಸರಪಟ್ಟು ಮುಚ್ಚದಿರಲಿ ಎಂದು.

ಎರಡು ಸ್ವರ ಎದುರಾದಾಗ ಕನ್ನಡ ಒಂದನ್ನು ಲೋಪ ಮಾಡುತ್ತದೆ, ಇಲ್ಲವೇ ನಡುವೆ ಯಕಾರ, ವಕಾರ ತಂದು ಕೂರಿಸುತ್ತದೆ. ಇಟಾಲಿಯನ್ ಹಾಡಿನಲ್ಲಿ ಎರಡನ್ನೂ ಉಳಿಸಿ ಒಂದೇ ನೋಟಿನೊಳಗೆ ತೂರಿಸುತ್ತಾರೆ. ವೆರ್ದಿಯ 1851ರ 'ರಿಗೊಲೆತ್ತೊ'ದ 'ಲಾ ದೊನ್ನಾ ಎ ಮೋಬಿಲೆ' ಗೀತೆ ಶುರುವಾಗುವುದೇ ಮೂರು ಸಮ ನೋಟುಗಳಿಂದ. ಮೂರನೆಯದರಲ್ಲಿ 'ನಾ' ಮತ್ತು 'ಎ' ಕೂಡಿ ಬರುತ್ತವೆ. ಮುಂದಿನ ತಾಳದ ಪೆಟ್ಟು ಸರಿಯಾಗಿ 'ಮೋ' ಮೇಲೆ. ಮಾತಿನ ಒತ್ತೂ ತಾಳದ ಪೆಟ್ಟೂ ಒಂದಾದ ಈ ಹಾಡನ್ನು ಬೀದಿಯ ಹುಡುಗರೂ ಗುನುಗಿದ್ದರಲ್ಲಿ ಆಶ್ಚರ್ಯವಿಲ್ಲ.

ತಾರಸ್ಥಾಯಿಯಲ್ಲಿ ನಿಯಮಗಳು ಸೋಲುತ್ತವೆ. ಬಾಯಿಯ ಪೊಳ್ಳು 'ಇ' ಎನ್ನುವಾಗ ಮೊದಲು ಅನುರಣಿಸುವುದು ಸೆಕೆಂಡಿಗೆ ಸುಮಾರು 300 ಕಂಪನಗಳ ಆಸುಪಾಸಿನಲ್ಲಿ. ಸೊಪ್ರಾನೊ ಗಾಯಕಿಯ ಮೇಲಿನ ಷಡ್ಜ 1,000 ದಾಟಿರುತ್ತದೆ. ದವಡೆ ಇಳಿಸದೆ ಅಲ್ಲಿ ಗತಿಯಿಲ್ಲ, ಇಳಿಸಿದರೆ ಇಕಾರ ಅಕಾರದತ್ತ ವಾಲುತ್ತದೆ. ಇದನ್ನು ಕ್ಷಮಿಸಬಹುದು.

ಕ್ಷಮಿಸಬೇಕೋ ಬೇಡವೋ ಎಂದು ನಾನು ಇನ್ನೂ ಚರ್ಚಿಸುತ್ತಿರುವುದು ಪುಚ್ಚೀನಿಯ 'ತುರಾಂದೊತ್'ದ 'ನೆಸ್ಸುನ್ ದೋರ್ಮ' ಗೀತೆಯ ಕೊನೆಯನ್ನು. 1926ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮೊದಲು ಕೇಳಿಸಿ, 1990ರ ವಿಶ್ವಕಪ್ ಫುಟ್ಬಾಲಿನ ಹೊತ್ತಿಗೆ ಪವರೋತ್ತಿಯ ಕಂಠದಿಂದ ಜಗತ್ತಿನ ಮನೆಮನೆ ಹೊಕ್ಕ ಹಾಡು ಅದು. ಕೊನೆಯ ಪದ ವಿಂಚೆರೋ, 'ಗೆಲ್ಲುತ್ತೇನೆ'. ಒತ್ತು ಕೊನೆಯ 'ರೋ' ಮೇಲೆ, ತೆರೆದ ಓ. ಎಲ್ಲಕ್ಕೂ ಎತ್ತರದ ನೋಟು ಬೀಳುವುದು ಅದರ ಹಿಂದಿನ, ಒತ್ತೇ ಇಲ್ಲದ 'ಚೆ' ಮೇಲೆ. ಪುಚ್ಚೀನಿ ಲೆಕ್ಕ ಬಲ್ಲವನು: 'ಚೆ'ಗೆ ಅವನು ಕೊಟ್ಟದ್ದು ಹದಿನಾರನೆಯ ಒಂದು ಪಾಲು, 'ರೋ'ಗೆ ಪೂರ್ತಿ ನೋಟು. ಟೆನರ್‌ಗಳು 'ಚೆ' ಸಿಕ್ಕಿದ್ದೇ ತಡ, ಉಸಿರು ಮುಗಿಯುವ ತನಕ ಅಲ್ಲೇ ಬೀಡುಬಿಡುತ್ತಾರೆ. ವ್ಯಾಕರಣದ ಪ್ರಕಾರ ಇದು ಅಪರಾಧ. ಕೇಳುವಾಗ ನಾನೂ ಉಸಿರು ಹಿಡಿದೇ ಇರುತ್ತೇನೆ. ಒಪೇರಾದಲ್ಲಿ ಪುಚ್ಚೀನಿ ಅಲ್ಲಿ ಚಪ್ಪಾಳೆಗೆಂದು ಜಾಗವನ್ನೇ ಬಿಟ್ಟಿಲ್ಲ, ವಾದ್ಯಮೇಳ ನಿಲ್ಲದೆ ಮುಂದಿನ ಸನ್ನಿವೇಶಕ್ಕೆ ನಡೆದುಬಿಡುತ್ತದೆ. ಜನ ಅದನ್ನೂ ಕೇಳುವುದಿಲ್ಲ, ತಟ್ಟಿಯೇ ತಟ್ಟುತ್ತಾರೆ.