ಅಲಗು, ಕುಡಗೋಲು ಮತ್ತು ನಮ್ಮೂರ ಕಂಬಾರ ಕಾಕಾ

ನಮ್ಮ ಭಾಷೆಯಲ್ಲಿ ‘ಮಸೆ’ ಅನ್ನೋ ಪದಕ್ಕೆ ಒಳ್ಳೆ ಹೆಸರೇ ಇಲ್ಲ ನೋಡಿ. ಹಲ್ಲು ಮಸೆಯೋದು, ಕತ್ತಿ ಮಸೆಯೋದು... ಎರಡೂ ಹಗೆತನದ ಮಾತೇ. ಪೇಪರಿನ ರಾಜಕೀಯ ಪುಟದಲ್ಲಂತೂ ದಿನಾ ಯಾರೋ ಯಾರ ಮೇಲೋ ಕತ್ತಿ ಮಸೀತಾನೇ ಇರ್ತಾರೆ :-) ಆದರೆ ನಮ್ಮ ಅಣ್ಣಿಗೇರಿ ಕಡೆ ಕೂಲಿ ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳನ್ನ ಕೇಳಿ, ಬೇರೆಯೇ ಅರ್ಥ ಹೇಳ್ತಾರೆ.

ಇದೆಲ್ಲ ತಲೆಗೆ ಬಂದಿದ್ದು ಒಂದು ಆಫೀಸ್ ಕಾಲ್‌ನಿಂದ. ನಮ್ಮ ಪ್ರಾಜೆಕ್ಟಿನ ಅಮೆರಿಕದ ಸಹೋದ್ಯೋಗಿಯೊಬ್ಬ ಲೈಸೆನ್ಸ್ ತಗೊಂಡು ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆ ಆಡುವವನು. ಮೀಟಿಂಗಿಗೆ ಬೇರೆಯವರು ಬರೋವರೆಗೆ ಹರಟುತ್ತಾ, ಬೇಟೆಗಿಂತ ಹೆಚ್ಚು ಹೊತ್ತು ಬಾಣದ ಅಲಗು ಮಸೆಯೋದಕ್ಕೇ ಹೋಗುತ್ತೆ ಅಂದ. ಗುಂಡಿನ ಏಟಿನ ರಭಸ ಬಾಣಕ್ಕಿಲ್ಲ. ಅಲಗು ರಕ್ತನಾಳ ಕತ್ತರಿಸಿ, ರಕ್ತ ಹರಿದೇ ಪ್ರಾಣಿ ಸಾಯಬೇಕು. ಹರಿತವಾಗಿದ್ದರೆ ಬೇಗ ಮುಗಿಯುತ್ತೆ. ಮೊಂಡಾಗಿದ್ದರೆ ನಾಳ ಪಕ್ಕಕ್ಕೆ ಸರಿದು ಉಳಿದುಬಿಡಬಹುದು, ಪ್ರಾಣಿ ಗಾಯ ಹೊತ್ತು ಎಲ್ಲೋ ಹೋಗಿ ನರಳಿ ಸಾಯುತ್ತೆ. ಅದಕ್ಕೇ ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಗೆ ಮಡಚಿಕೊಳ್ಳೋ ಕೂದಲೆಳೆಯಂಥ ಲೋಹ ಪೂರ್ತಿ ಹೋಗೋವರೆಗೆ ಅವನು ಬಿಡೋದಿಲ್ಲವಂತೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಇಲ್ಲ. ನಮ್ಮ ಕಡೆಯ ಎರೆಹೊಲಗಳಲ್ಲಿ ಚಿಗರಿ ಕಂಡರೆ ನೋಡಿ ಖುಷಿಪಡಬೇಕು ಅಷ್ಟೇ. ಪಂಪ ಹುಟ್ಟಿದ್ದು ನಮ್ಮೂರಲ್ಲೇ ಅಂತ ನಮಗೆಲ್ಲ ಹೆಮ್ಮೆ. ಅವನ ‘ವಿಕ್ರಮಾರ್ಜುನ ವಿಜಯ’ದ ನಾಯಕ ಬಿಲ್ಲುಗಾರ ಅರ್ಜುನ. ಆದರೆ ಇವತ್ತು ನಮ್ಮೂರಲ್ಲಿ ಅಲಗು ಅಂದರೆ ಕುಡಗೋಲು, ಕುರ್ಪಿ, ಕೊಡ್ಲಿ, ಕುಂಟಿಯ ಕುಡ. ಇವನ್ನೆಲ್ಲ ಹರಿತ ಮಾಡೋರು ಕಂಬಾರ ಕಾಕಾ.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಐರನ್-ಕಾರ್ಬನ್ ಡಯಾಗ್ರಾಂ ಬಾಯಿಪಾಠ ಮಾಡಿ ಪಾಸಾದವನಿಗೆ ಅದು ಕಣ್ಣೆದುರು ನಡೆಯೋದು ಕಂಡದ್ದು ಕಾಕಾನ ಕುಲುಮೆಯಲ್ಲಿ. ಒಳಗೆ ಯಾವಾಗಲೂ ಅರೆಗತ್ತಲು. ಬಡತನಕ್ಕಲ್ಲ, ಬೆಳಕು ಹೆಚ್ಚಾದರೆ ಕಾದ ಕಬ್ಬಿಣದ ಬಣ್ಣ ತಿಳಿಯೋದಿಲ್ಲ. ಹಳೇ ಲಾರಿ ಪಾಟಾದ ಉಕ್ಕಿನ ಕುಡಗೋಲನ್ನ ಕೆಂಪಗೆ ಕಾಯಿಸಿ, ಅಂಚನ್ನ ತೆಳ್ಳಗೆ ತಟ್ಟುತ್ತಾರೆ. ಮತ್ತೆ ಕಾಯಿಸಿ ಅಂಚಷ್ಟನ್ನೇ ನೀರಿಗೆ ಅದ್ದುತ್ತಾರೆ. ಅಂಚು ಗಾಜಿನಷ್ಟು ಗಡುಸಾಗುತ್ತೆ, ಹಾಗೇ ಬಿಟ್ಟರೆ ಕಲ್ಲಿಗೆ ತಾಗಿ ಚಕ್ಕೆ ಏಳುತ್ತೆ. ಆದರೆ ಬೆನ್ನಿನಲ್ಲಿ ಇನ್ನೂ ಬಿಸಿ ಉಳಿದಿರುತ್ತಲ್ಲ, ಅದು ನಿಧಾನಕ್ಕೆ ಅಂಚಿಗೆ ಹರಿದು ಬರುತ್ತೆ. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಒಣಹುಲ್ಲಿನ ಹಳದಿ ಬಣ್ಣ ಏಳುತ್ತಿದ್ದ ಹಾಗೇ ಪೂರ್ತಿ ನೀರಿಗೆ! ಆ ಹಳದಿ ಅಂದರೆ ಸುಮಾರು 230 ಡಿಗ್ರಿ, ನೀಲಿಗೆ ತಿರುಗಿದರೆ 300ರ ಆಸುಪಾಸು, ಅಂಚು ಮೆತ್ತಗಾಗಿಬಿಡುತ್ತೆ. ಕಾಕಾಗೆ ಈ ಅಂಕಿಗಳು ಬೇಕಿಲ್ಲ, ಹಳದಿ ಗೊತ್ತು. ಆಮೇಲೆ ಅರ, ಕೊನೆಗೆ ಸಾಣೆಕಲ್ಲು.

“ಇನ್ನೂ ತೆಳ್ಳಗ ಮಾಡ್ರಲ್ಲ ಕಾಕಾ” ಅಂದೆ ಒಮ್ಮೆ, ಕೊಡ್ಲಿ ಕೊಟ್ಟು.

“ತಮ್ಮಾ, ಹುಲ್ಲು ಕೊಯ್ಯೂ ಧಾರಿನ ಬ್ಯಾರೆ, ಜಾಲಿ ಕಡಿಯೂ ಧಾರಿನ ಬ್ಯಾರೆ. ಕೊಡ್ಲಿಗೆ ಕುಡಗೋಲಿನ ಧಾರಿ ಕೊಟ್ರ ನಾಕ್ ಏಟಿಗೆ ಮುಕ್ಕಾಗ್ತದ.”

ಇನ್ನು ಆ ಹೆಣ್ಣುಮಕ್ಕಳ ವಿಷಯ. ಗೋದಿ ಕೊಯ್ಲಿಗೆ ಬರೋ ಪ್ರತಿಯೊಬ್ಬಳೂ ಕುಡಗೋಲು ತನ್ನದೇ ತರಬೇಕು. ಅದು ಮೊಂಡಾಗಿದ್ದರೆ ದಂಟು ಕತ್ತರಿಸೋದಿಲ್ಲ, ಜಗ್ಗಬೇಕಾಗುತ್ತೆ. ಜಗ್ಗಿದರೆ ಕಾಳು ಉದುರುತ್ತೆ, ಬೇರಿನ ಜೊತೆ ಎರೆಮಣ್ಣಿನ ಹೆಂಟೆಯೂ ಬಂದು ಕಾಳಿಗೆ ಸೇರುತ್ತೆ. ಅದು ಹೊಲದವರ ನಷ್ಟ. ಆದರೆ ದಿನಕ್ಕೆ ಸಾವಿರ ಸಲ ಜಗ್ಗಿದ ಮಣಿಕಟ್ಟು ಅವಳದ್ದು. ಜಾರಿದ ಕುಡಗೋಲು ತಾಗೋದೂ ಅವಳ ಎಡಗೈಗೇ.

ಹಿಂದೆ ಹೊಲ ಇದ್ದವರು ಸುಗ್ಗಿಯಲ್ಲಿ ಕಂಬಾರರಿಗೆ ‘ಆಯ’ ಅಂತ ಕಾಳು ಕೊಡ್ತಿದ್ದರು, ವರ್ಷವಿಡೀ ಎಷ್ಟು ಸಲ ಬೇಕಾದರೂ ಧಾರೆ ಹಿಡಿಸಿಕೊಳ್ಳಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಎಂಸಿ :-) ಈಗ ಪ್ರತಿ ಸಲಕ್ಕೂ ರೊಕ್ಕ. ಕೂಲಿ ಹೆಣ್ಣುಮಗಳಿಗಂತೂ ಅದು ಕೂಲಿಯಲ್ಲೇ ಕಳೆಯುತ್ತೆ. ಹಾಗಾಗಿ ಮುಂದೂಡ್ತಾಳೆ, ಬದುವಿನ ಕಲ್ಲಿಗೆ ನಾಲ್ಕು ಸಲ ಉಜ್ಜಿ ಸುಧಾರಿಸ್ತಾಳೆ.

ನಮ್ಮವ್ವ ಇದಕ್ಕೊಂದು ದಾರಿ ಮಾಡಿದ್ದಾಳೆ. ಕೊಯ್ಲಿಗೆ ಮುಂಚಿನ ದಿನ, ನಾಳೆ ಬರೋ ಎಲ್ಲರ ಕುಡಗೋಲೂ ನಮ್ಮನೆಗೆ ಬರಬೇಕು. ಚೀಲದಲ್ಲಿ ತುಂಬಿ ಕಾಕಾನ ಹತ್ತಿರ ಒಯ್ಯೋದು, ರಜೆಗೆ ಬಂದಿದ್ದರೆ, ನನ್ನ ಕೆಲಸ. ಖರ್ಚು ನಮ್ಮನೆಯದು. “ಕೈ ಅವರದು, ಬೆಳಿ ನಮ್ದು. ಧಾರಿ ರೊಕ್ಕ ಅವ್ರ್ಯಾಕ ಕೊಡಬೇಕು?” ಅಂತಾಳೆ. ಹಿಡಿಕೆಗೆ ಸುತ್ತಿದ ಬಟ್ಟೆಯ ಬಣ್ಣ ನೋಡಿಯೇ ಯಾವುದು ಯಾರದ್ದು ಅಂತ ಅವಳಿಗೆ ಗೊತ್ತು.

ಈಗೀಗ ಕೊಯ್ಲಿಗೆ ಮಷೀನೂ ಬರುತ್ತಿದೆ. ಕಾಕಾನ ಇಬ್ಬರು ಮಕ್ಕಳೂ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದಾರೆ. ಕಡೇ ಸಲ ನಾನೊಯ್ದ ಚೀಲದಲ್ಲಿ ಹನ್ನೊಂದೇ ಕುಡಗೋಲು ಇದ್ದವು. ಬದುವಿನ ಹುಲ್ಲಿಗೆ, ಮಷೀನು ತಿರುಗದ ಸಣ್ಣ ಪಟ್ಟಿಗಳಿಗೆ ಕುಡಗೋಲು ಮುಂದೆಯೂ ಬೇಕೇಬೇಕು. ಆದರೆ ಆ ಹಳದಿ ಗುರುತಿಸೋ ಕಣ್ಣು ಕಾಕಾನ ನಂತರ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಮುಂದಿನ ರಜೆಯಲ್ಲಿ ಎರಡು ದಿನ ತಿದಿ ಒತ್ತುತ್ತಾ ಕೂತು, ಅಷ್ಟನ್ನಾದರೂ ಕಲಿಯಬೇಕು ಅಂತಿದ್ದೀನಿ. ಕಾಕಾ ನಕ್ಕರು, ಬ್ಯಾಡ ಅನ್ನಲಿಲ್ಲ.

ನಿಮ್ಮೂರಲ್ಲಿ ಕುಲುಮೆ ಇನ್ನೂ ಉರಿಯುತ್ತಿದೆಯಾ? ಧಾರೆ ಹಿಡಿಸೋ ರೊಕ್ಕ ಯಾರು ಕೊಡ್ತಾರೆ? ಗೊತ್ತಿದ್ದವರು ಬರೀರಿ...