ಲೋಕಲ್ಲೋ, ಜೆನ್ಯುಯಿನ್ನೋ?

ತೆಗ್ಗು ಬಂದಾಗೆಲ್ಲ ನಮ್ಮ ಹಳೇ ಸ್ವಿಫ್ಟ್ ‘ಕಟ್ ಕಟ್’ ಅಂತಿತ್ತು. ಸ್ಟೆಬಿಲೈಸರ್ ಲಿಂಕ್, ಲೋವರ್ ಆರ್ಮಿನ ಬಾಲ್ ಜಾಯಿಂಟ್ ಎರಡೂ ಸವೆದಿವೆ ಅಂದ ಮಾಳಮಡ್ಡಿಯ ಮೆಕ್ಯಾನಿಕ್. “ಲೋಕಲ್ ಹಾಕ್ಲೇನ್ರಿ ಸರ? ಅರ್ಧಾ ರೇಟ್ನಾಗ ಆಗ್ತೈತಿ.”

“ಹಳೇ ಗಾಡಿ, ಲೋಕಲ್ಲೇ ಸಾಕು” ಅಂದ್ರು ಅಪ್ಪ.

ಸಾಫ್ಟ್‌ವೇರಿನಲ್ಲಿ ನಾವು ಮೊದಲು ಕೇಳೋದು, ಇದು ಕೆಟ್ರೆ ಏನಾಗುತ್ತೆ ಅಂತ. ಇಲ್ಲೂ ಅದೇ ಲೆಕ್ಕ ನೋಡ್ರಿ. ಲಿಂಕ್ ಹೋದ್ರೆ ಸಪ್ಪಳ, ತಿರುವಿನಲ್ಲಿ ಒಂದಿಷ್ಟು ವಾಲಾಟ. ಬಾಲ್ ಜಾಯಿಂಟ್ ಕಳಚಿದ್ರೆ ಗಾಲಿಯೇ ಮಡಚಿಕೊಳ್ಳುತ್ತೆ, ಸ್ಟೀರಿಂಗ್ ಮಾತು ಕೇಳಲ್ಲ! ನಾನಿರೋದು ಬೆಂಗಳೂರಲ್ಲಿ, ಹುಬ್ಬಳ್ಳಿಗೆ ಗಾಡಿ ಓಡಿಸೋದು ಅರವತ್ತು ದಾಟಿದ ಅಪ್ಪ, ಪಕ್ಕದಲ್ಲಿ ಅಮ್ಮ. ಮೇಲಾಗಿ ಆರ್ಮ್ ಬಿಚ್ಚೋ ಕೂಲಿ, ಅಲೈನ್‌ಮೆಂಟ್ ಖರ್ಚು ಯಾವುದು ಹಾಕಿದ್ರೂ ಅಷ್ಟೇ. ಬೇಗ ಸವೆದ್ರೆ ಮತ್ತೆ ಕೊಡಬೇಕು.

ಲಿಂಕ್ ಲೋಕಲ್, ಆರ್ಮ್ ಜೆನ್ಯುಯಿನ್. ಇಬ್ಬರೂ ಗೆದ್ದ ಹಾಗಾಯ್ತು :-)