ಭಂಗಾರವೋ ಬಂಗಾರವೋ

ಡೊಂಬಿವಲಿ ಪೂರ್ವದಲ್ಲಿ ನಮ್ಮ ಕಾಕಾನ ಮನೆಯಿರುವ ಸೊಸೈಟಿಯವರು ಒಂದು ದಿನ ಗೇಟಿಗೆ ನೋಟಿಸ್ ಹಚ್ಚಿದರು. ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತದೆ, ಕಂಪೌಂಡಿನಲ್ಲಿ ನಿಂತುಬಿಟ್ಟ ಗಾಡಿಗಳನ್ನು ತಿಂಗಳೊಳಗೆ ತೆರವು ಮಾಡಬೇಕು. ಗಾಡಿಗಳು ಅಂತ ಬಹುವಚನ ಬರೆದದ್ದು ಬರೀ ಮರ್ಯಾದೆಗೆ. ನಿಂತುಬಿಟ್ಟದ್ದು ಒಂದೇ, ನೀಲಿ ತಾಡಪತ್ರಿ ಹೊದ್ದ 1986ರ ಪ್ರೀಮಿಯರ್ ಪದ್ಮಿನಿ. ಕಾಕಾ ತೀರಿಕೊಂಡು ಆರು ವರ್ಷ, ಗಾಡಿ ನಿಂತು ಒಂಬತ್ತು. ಸೊಸೈಟಿಯ ಬೆಕ್ಕುಗಳ ಬಾಣಂತನವೆಲ್ಲ ಅದರ ಅಡಿಯಲ್ಲೇ.

"ಯಾರಿಗರ ಮಾರಿಬಿಡು ತಮ್ಮಾ," ಅಂದಳು ಕಾಕು. "ರೊಕ್ಕ ಎಷ್ಟರ ಬರಲಿ."

ಕಾಕಾ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಕಂಪನಿ ಅದು. 1964ರಿಂದ ಅಲ್ಲಿ ಫಿಯೆಟ್ 1100 ಡಿಲೈಟ್ ತಯಾರಾಗುತ್ತಿತ್ತು; ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಚಿತ್ತೋಡದ ರಾಣಿಯ ಹೆಸರು ಬಂತು. ಜನ ಮಾತ್ರ ಕೊನೆತನಕ ಫಿಯೆಟ್ ಅಂತಲೇ ಕರೆದರು. ಕಾರು ಮಾಡುವ ನಮ್ಮ ಕಾಕಾ ದಿನಾ ಕಾರ್ಖಾನೆಗೆ ಹೋಗುತ್ತಿದ್ದದ್ದು ಡೊಂಬಿವಲಿ ಲೋಕಲ್ಲಿನ ಬಾಗಿಲ ಕಂಬಿಗೆ ಜೋತುಬಿದ್ದು. ಸ್ವಂತ ಗಾಡಿ ಭಾನುವಾರಕ್ಕೆ, ಮದುವೆ ಮುಂಜಿವೆಗೆ, ಮತ್ತು ಮೇ ತಿಂಗಳಲ್ಲಿ ಧಾರವಾಡಕ್ಕೆ. ಮುಂದಿನ ಸೀಟು ಉದ್ದಕ್ಕೆ ಒಂದೇ ಬೆಂಚು, ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕಕ್ಕೆ. ಹಾಗಾಗಿ ಮುಂದೆ ಮೂವರು, ಹಿಂದೆ ಹುಡುಗರು ಎಷ್ಟಿದ್ದರೆ ಅಷ್ಟು. ಅಂಬಾಸಡರ್ ಇದ್ದವರು ಇದನ್ನು ಸಣ್ಣ ಗಾಡಿ ಅನ್ನುತ್ತಿದ್ದರು. ನಮಗೇನೂ ಹಾಗೆ ಅನಿಸಿರಲಿಲ್ಲ.

ಮೊದಲು ಭಂಗಾರವಾಲಾನನ್ನೇ ಕರೆದೆ. ಮದುವೆಯಾಗಿ ಹೊಸದಾಗಿ ಬಂದಾಗ ಬೀದಿಯಲ್ಲಿ "ಭಂಗಾರ್‌ವಾಲೇ" ಅನ್ನುವ ಕೂಗು ಕೇಳಿ, ಈ ಊರಾಗ ಬಂಗಾರ ಕೊಳ್ಳೋರು ಕೈಗಾಡಿ ತಳ್ಕೊಂಡು ಬರ್ತಾರ ಅಂತ ಕಾಕು ಊರಿಗೆ ಕಾಗದ ಬರೆದಿದ್ದಳಂತೆ. ಮರಾಠಿಯ ಒಂದು ಮಹಾಪ್ರಾಣಕ್ಕೆ ಚಿನ್ನ ಗುಜರಿಯಾಗುತ್ತದೆ ಅಂತ ಅವಳಿಗೇನು ಗೊತ್ತು? ಬಂದವನು ತಾಡಪತ್ರಿ ಪೂರ್ತಿ ಸರಿಸಲೂ ಇಲ್ಲ. ಬಾನೆಟ್ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಕೇಳಿದ: "ಕಾಗಜ್ ಹೈ ಕ್ಯಾ?"

ಕಾಗದ ಇರಲಿಲ್ಲ. ನಮ್ಮಲ್ಲಿ ಗಾಡಿಗೆ ಬೇರೆ ಹಕ್ಕುಪತ್ರ ಅಂತೇನೂ ಇಲ್ಲ. ಹೊಲಕ್ಕೆ ಉತಾರ ಇದ್ದ ಹಾಗೆ ಗಾಡಿಗೆ ಆರ್‌ಸಿ ಬುಕ್ಕು. ಕಾಕಾ ಅದನ್ನು ಎಲ್ಲಿಯೋ ಜೋಪಾನವಾಗಿ ಇಟ್ಟಿದ್ದ. ಜೋಪಾನವಾಗಿ ಇಟ್ಟ ಸಾಮಾನು ಸಿಗುವುದಿಲ್ಲ ಅನ್ನುವುದು ಎಲ್ಲ ಮನೆಗಳ ಅನುಭವ. ಕಥೆಯ ಕೊನೆಗೆ ಪಂಚಾಂಗದ ನಡುವೆ ಅದು ಸಿಕ್ಕೀತು ಅಂತ ಓದುಗರು ಕಾಯುವುದು ಬೇಡ, ಸಿಗಲೇ ಇಲ್ಲ. ಭಂಗಾರವಾಲಾ ಮನಸ್ಸಿನಲ್ಲೇ ಕಿಲೋ ಲೆಕ್ಕ ಹಾಕಿ 18,000 ಅಂದ. ಕ್ವಿಂಟಲ್ಲಿಗೆ ಎರಡು ಸಾವಿರದಂತೆ ಕಾಕಾನ ಸಂಸಾರ!

ಕಲ್ಯಾಣದ ಗ್ಯಾರೇಜಿನ ಮಿಸ್ತ್ರಿ ಬೇರೆ ತಕ್ಕಡಿ ತಂದ. ಅವನಿಗೆ ಗಾಡಿ ಇಡಿಯಾಗಿ ಕಾಣಲೇ ಇಲ್ಲ. ಕ್ರೋಮ್ ಬಂಪರ್ ಇಷ್ಟು, ಜಾಲರಿ ಇಷ್ಟು, ತುಕ್ಕು ಹಿಡಿಯದ ನಾಲ್ಕು ಬಾಗಿಲು ಇಷ್ಟು ಅಂತ ಬಿಡಿಬಿಡಿಯಾಗಿ ಕೂಡಿಸಿ 30,000ಕ್ಕೆ ಬಂದು ನಿಂತ. ಸಂತೆಯಲ್ಲಿ ಎತ್ತು ಕೊಳ್ಳುವವನು ಬರೀ ಕೋಡಿಗೆ, ಗೊರಸಿಗೆ ಬೆಲೆ ಕಟ್ಟಿದ ಹಾಗಿತ್ತು. ವಿಮೆಯವರ ಕೋಷ್ಟಕವೋ ಐದು ವರ್ಷಕ್ಕೆ ಮುಗಿದುಹೋಗುತ್ತದೆ. ಅದಕ್ಕಿಂತ ಹಳೆಯ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಕೂತು ಮಾತಾಡಿ ಒಪ್ಪಿಕೊಳ್ಳಬೇಕು. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಂಡು ನಂಬರಿನಲ್ಲಿ 'ವಿಎ' ಅಕ್ಷರ ಪಡೆಯಬೇಕಾದರೆ 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿರಬೇಕು. ನಮ್ಮ ಪದ್ಮಿನಿಗೆ ಆಗ ನಲವತ್ತೂ ತುಂಬಿರಲಿಲ್ಲ. ಮುದುಕಿ ಅನ್ನಲಿಕ್ಕೆ ವಯಸ್ಸು ಸಾಲದು, ಹುಡುಗಿ ಅಂದರೆ ಯಾರೂ ನಂಬುವುದಿಲ್ಲ.

ಮೂರನೆಯವನು ಖಾರ್ಘರದ ಹುಡುಗ, ಮರಾಠಿ ಮಾತಿನವನು, ಮೂವತ್ತು ದಾಟಿರಲಿಕ್ಕಿಲ್ಲ. ಚಪ್ಪಲಿ ಬದಿಗೆ ಬಿಟ್ಟು ಒಳಗೆ ಕೂತ. ಸ್ಟೇರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನಜ್ಜ ಮುಂಬಯಿಯಲ್ಲಿ ಕಾಲಿ ಪೀಲಿ ಟ್ಯಾಕ್ಸಿ ಓಡಿಸುತ್ತಿದ್ದನಂತೆ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾರದೇವ್‌ನಲ್ಲಿ ನೋಂದಣಿಯಾಗಿತ್ತು. ಇಪ್ಪತ್ತು ವರ್ಷದ ಆಯುಷ್ಯ ಮುಗಿದು 2023ರಲ್ಲಿ ರಸ್ತೆಯಿಂದ ಇಳಿಯಿತು. ಆ ದಿನದಿಂದ ಒಂದು ಪದ್ಮಿನಿ ಹುಡುಕುತ್ತಿದ್ದೇನೆ ಅಂದ. ಕಾಗದ ಇದ್ದರೆ 1,60,000, ಇಲ್ಲದಿದ್ದರೆ 40,000. ಗಾಡಿ ಅದೇ, ತುಕ್ಕು ಅದೇ. ಅಂಗೈಯಗಲದ ಒಂದು ಪುಸ್ತಕಕ್ಕೆ 1,20,000!

ಹೀಗೆ ನಾನು ಕಾಗದದ ಬೆನ್ನು ಹತ್ತಿದೆ. ಒಬ್ಬ ಏಜೆಂಟ ಸುಲಭದ ದಾರಿ ಹೇಳಿಕೊಟ್ಟ: "ಫಾರ್ಮ್ 29, 30ಕ್ಕೆ ಸಹಿ ಹಾಕಿ ಖಾಲಿ ಕೊಡಿ, ಸಾಕು." ಗಾಡಿ ಇನ್ನೂ ಕಾಕಾನ ಹೆಸರಿನಲ್ಲಿದೆ, ಕಾಕಾ ಇಲ್ಲ ಅಂದೆ. "ಅವರ ಸಹಿ ನಾನೇ ಹಾಕ್ತೀನಿ ಸಾಹೇಬ್," ಅಂದ, ಉಪಕಾರ ಮಾಡುವವನ ಹಾಗೆ. ಗಾಡಿ ಮಾರಿ ಕೈ ತೊಳೆದುಕೊಂಡರೂ ದಫ್ತರದಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬದುಕಿದ್ದಾಗ ಒಂದು ಸಿಗ್ನಲ್ ಹಾರದ ಕಾಕಾನನ್ನು ಸತ್ತ ಮೇಲೆ ಕೋರ್ಟಿಗೆ ಎಳೆಯುವುದೇ?

ನೇರ ದಾರಿ ಉದ್ದ. ಪುಸ್ತಕ ಕಳೆದಿದೆ ಅಂತ ಪೊಲೀಸ್ ಠಾಣೆಯ ದಾಖಲೆ, ನಕಲಿಗೆ ಫಾರ್ಮ್ 26, ಮಾಲೀಕ ತೀರಿಕೊಂಡದ್ದಕ್ಕೆ ಫಾರ್ಮ್ 31, ಹುಬ್ಬಳ್ಳಿಯ ಮಗಳು ನ್ಯೂಜೆರ್ಸಿಯ ಮಗ ಇಬ್ಬರ ಒಪ್ಪಿಗೆ. 2016ರಲ್ಲಿ ನೋಂದಣಿಯ ಅವಧಿ ಮುಗಿದದ್ದಕ್ಕೆ ಫಾರ್ಮ್ 25, ಜೊತೆಗೆ ಗ್ರೀನ್ ಟ್ಯಾಕ್ಸ್. ಗಾಡಿಯ ಮೂಲ ಕಡತ ಠಾಣೆ ಶಹರದ ಆರ್‌ಟಿಒದ್ದು, ಎಂಎಚ್ ಬರುವ ಮುಂಚಿನ ಮೂರಕ್ಷರದ ನಂಬರು; ಈಗ ಡೊಂಬಿವಲಿ ಕಲ್ಯಾಣದ ಎಂಎಚ್ 05ಕ್ಕೆ ಸೇರಿದೆ; ಕೊಳ್ಳುವವನು ಪನವೇಲಿನ ಎಂಎಚ್ 46. ಹಳೆಯ ದಫ್ತರದಿಂದ ಎತ್ತಿ 'ವಾಹನ್' ಜಾಲಕ್ಕೆ ಏರಿಸಬೇಕು, ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಒಂದು ಕೌಂಟರಿನಲ್ಲಂತೂ "ಮಾಲೀಕರು ಖುದ್ದಾಗಿ ಬರಲಿ" ಅಂದರು. ಮರಣಪತ್ರ ಮುಂದಿಟ್ಟೆ. ಅದನ್ನು ಓದಿ, "ಹಾಗಾದರೆ ಮುಂದಿನ ವಾರ" ಅಂದರು.

ನನಗೆ ಬಹಳ ಹಿಡಿಸಿದ್ದು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಮಿಸ್ತ್ರಿ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಿಂದ ಒಂದು ಗೇಣು ಜಾಗ ಒರೆಸಿ, ಮೇಲೆ ತೆಳ್ಳನೆ ಕಾಗದ ಹಿಡಿದ. ನಾನು ಪೆನ್ಸಿಲ್ ಅಡ್ಡ ಮಾಡಿ ಉಜ್ಜುತ್ತ ಹೋದೆ, ಸಣ್ಣವರಿದ್ದಾಗ ನಾಲ್ಕಾಣೆಯ ಮೇಲೆ ಕಾಗದ ಇಟ್ಟು ಉಜ್ಜಿದ ಹಾಗೆ. ಕಪ್ಪಿನ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಎದ್ದವು. ಕಾಕಾನ ಬಿಸ್ಕೀಟು ಡಬ್ಬಿಯಲ್ಲಿ ಸಿಕ್ಕ ಹಳೆಯ ವಿಮೆ ಪಾಲಿಸಿಯ ಅಂಕಿಗಳಿಗೆ ತಾಳೆ ನೋಡಿದೆವು. ಒಂದೂ ತಪ್ಪಿರಲಿಲ್ಲ.

ಅದೇ ಡಬ್ಬಿಯಲ್ಲಿ ಒಂದು ವಹಿಯೂ ಇತ್ತು. ಹಾಕಿಸಿದ ಒಂದೊಂದು ಲೀಟರ್ ಪೆಟ್ರೋಲು, ಬದಲಿಸಿದ ಒಂದೊಂದು ಟೈರು, ಓಡಿದ ಕಿಲೋಮೀಟರು, ಎಲ್ಲ ಕಾಕಾನ ಓರೆ ಅಕ್ಷರದ ಕನ್ನಡದಲ್ಲಿ, ಇಂಗ್ಲಿಷ್ ತಾರೀಖುಗಳೊಡನೆ.

ಐದು ತಿಂಗಳಿಗೆ ನಕಲು ಆರ್‌ಸಿ ಕಾಕುವಿನ ಹೆಸರಿಗೆ ಬಂತು. ಅಷ್ಟರಲ್ಲಿ ಸೊಸೈಟಿಯವರು ಎರಡು ಸಲ ಗಡುವು ಮುಂದೂಡಿದ್ದರು, ಕಾಕುವಿನ ಮುಖ ನೋಡಿ. ಹುಡುಗ ಬಂದ, ರೊಕ್ಕ ಹಾಕಿದ, ಫಾರ್ಮುಗಳಿಗೆ ಕಾಕು ನಿಧಾನವಾಗಿ ಸಹಿ ಮಾಡಿದಳು. ಆಗ ಅವನ ಕಣ್ಣು ವಹಿಯ ಮೇಲೆ ಬಿತ್ತು. ಒಂದಕ್ಷರ ಓದಲು ಬಾರದಿದ್ದರೂ ಪುಟ ತಿರುವುತ್ತ ಹೋದ. ಹಳೆಯ ಗಾಡಿಗೆ ಇಂಥ ದಾಖಲೆ ಸಿಗುವುದಿಲ್ಲ, ಇದಕ್ಕೆ ಇನ್ನೂ 15,000 ಕೊಡುತ್ತೇನೆ ಅಂದ.

ಕಾಕು ನನ್ನ ಕಡೆ ತಿರುಗಿದಳು. "ಗಾಡಿ ಒಯ್ಯಿ ಅನ್ನು. ವಹಿ ಬೇಕಿದ್ರ ಝೆರಾಕ್ಸ್ ಮಾಡಿಸ್ಕೋ ಅನ್ನು."

ಸ್ಟೇಷನ್ ಬದಿಯ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ. 84 ಪುಟ. ಯಂತ್ರದ ಬೆಳಕು ಆ ಕಡೆ ಈ ಕಡೆ ಓಡುತ್ತಿದ್ದಾಗ ಅವನು ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದೇನು ಬರೆದಿದೆ ಅಂತ ಕೇಳಿದ. ಓದಿ ಹೇಳಿದೆ: "ಖೋಪೋಲಿ. ಘಾಟಿಗೆ ಮೊದಲು ನೀರು. ಇಬ್ಬರಿಗೂ ಚಹಾ."

ಇಬ್ಬರು ಅಂದರೆ ಯಾರು ಯಾರು ಅಂದ. ಕಾಕಾ ಮತ್ತು ಕಾಕುವೋ, ಕಾಕಾ ಮತ್ತು ಗಾಡಿಯೋ, ನನಗೂ ಬಗೆಹರಿಯಲಿಲ್ಲ.